ಬಿಲ್ಡ್ ಕ್ಲಸ್ಟರ್‌ಗೆ ವಿತರಿತ ಫೈಲ್ ಸಿಸ್ಟಮ್: ಯಾವುದನ್ನು ಹಂಚಿಕೊಳ್ಳಬೇಕು, ಯಾವುದನ್ನು ಹಂಚಿಕೊಳ್ಳಬಾರದು?

ಸಂಕಲಕ

ಎಲ್ಲರಿಗೂ ನಮಸ್ಕಾರ. ನಮ್ಮ ತಂಡದಲ್ಲಿ ಎರಡು ಬಗೆಯ ಬಿಲ್ಡ್‌ಗಳು (ಸೋರ್ಸ್‌ನಿಂದ ಓಡಿಸಬಲ್ಲ ತಂತ್ರಾಂಶ ತಯಾರಿಸುವ ಕೆಲಸ) ನಡೆಯುತ್ತವೆ. ಒಂದು, ಯೋಕ್ಟೊ ಬಳಸಿ ಉಪಕರಣಕ್ಕೆ ಬೇಕಾದ ಲಿನಕ್ಸ್ ಇಮೇಜ್ ಸಿದ್ಧಪಡಿಸುವುದು. ಇನ್ನೊಂದು, ಅದೇ ಉಪಕರಣದ ಮೇಲೆ ಓಡುವ, ಹಲವು ವರ್ಷಗಳಿಂದ ಬೆಳೆದುಬಂದಿರುವ, ಇಂದಿಗೂ ಮೇಕ್‌ಫೈಲ್‌ಗಳನ್ನೇ (ಮೇಕ್ ಎಂಬ ಉಪಕರಣಕ್ಕೆ ಬಿಲ್ಡ್‌ನ ಹಂತಗಳನ್ನು ತಿಳಿಸುವ ಫೈಲ್‌ಗಳು) ನೆಚ್ಚಿಕೊಂಡಿರುವ ಸಿ++ ತಂತ್ರಾಂಶ. ಎಲ್ಲ ಬಿಲ್ಡ್ ಯಂತ್ರಗಳೂ ಒಂದೇ ಎನ್‌ಎಫ್‌ಎಸ್ (ಜಾಲದ ಮೂಲಕ ಫೈಲ್‌ಗಳನ್ನು ಹಂಚುವ ವ್ಯವಸ್ಥೆ) ಸರ್ವರನ್ನು ಮೌಂಟ್ ಮಾಡಿಕೊಂಡಿವೆ, ಅಂದರೆ ತಮ್ಮದೇ ಡಿಸ್ಕ್‌ನಂತೆ ಜೋಡಿಸಿಕೊಂಡಿವೆ. ಸಿ++ ಭಾಗದ ಸೋರ್ಸ್, ಕಂಪೈಲರ್, ಆಬ್ಜೆಕ್ಟ್ ಫೈಲ್‌ಗಳು (ಕಂಪೈಲರ್ ಹೊರತರುವ ಮಧ್ಯಂತರ ಫೈಲ್‌ಗಳು) ಎಲ್ಲವೂ ಆ ಮೌಂಟ್‌ನ ಮೇಲೆಯೇ ಇವೆ. ಯೋಕ್ಟೊದ ಮಟ್ಟಿಗೆ ಮಾತ್ರ ತಾತ್ಕಾಲಿಕ ಡೈರೆಕ್ಟರಿ ಸ್ಥಳೀಯ ಡಿಸ್ಕ್‌ನಲ್ಲಿದೆ, ಏಕೆಂದರೆ ಅದನ್ನು ಎನ್‌ಎಫ್‌ಎಸ್ ಮೇಲೆ ಇಟ್ಟರೆ ಯೋಕ್ಟೊದ ಬಿಲ್ಡ್ ನಡೆಸುವ ಬಿಟ್‌ಬೇಕ್ ಆರಂಭದ ತಪಾಸಣೆಯಲ್ಲೇ ನಿಂತುಬಿಡುತ್ತದೆ.

ಯಂತ್ರಗಳನ್ನು ಸೇರಿಸುತ್ತ ಹೋದಂತೆ ಒಂದು ಹಂತದವರೆಗೆ ವೇಗ ಹೆಚ್ಚಿತು, ಅನಂತರ ಸಿ++ ಬಿಲ್ಡ್ ನಿಧಾನವಾಗತೊಡಗಿತು. ನಮ್ಮದು 10 ಗಿಗಾಬಿಟ್ ಜಾಲ, ಅದರ ಹತ್ತನೆಯ ಒಂದು ಭಾಗವೂ ಬಳಕೆಯಾಗುತ್ತಿಲ್ಲ. ಸರ್ವರ್‌ನ ಡಿಸ್ಕ್‌ಗಳು ಎನ್‌ವಿಎಂಇ (ಅತಿವೇಗದ ಎಸ್‌ಎಸ್‌ಡಿ), ಅವೂ ಬಹುಪಾಲು ಸುಮ್ಮನಿವೆ. ಬಿಲ್ಡ್ ಯಂತ್ರಗಳ ಸಿಪಿಯು ಕೂಡ ಖಾಲಿ ಕುಳಿತಿರುತ್ತದೆ. ಇದರ ಜೊತೆಗೆ ಆಗಾಗ 'ಸ್ಟೇಲ್ ಫೈಲ್ ಹ್ಯಾಂಡಲ್' (ತೆರೆದ ಫೈಲಿನ ಗುರುತು ಇನ್ನು ಸಲ್ಲದು) ಎಂಬ ದೋಷ ಬಂದು ಬಿಲ್ಡ್ ಮುರಿಯುತ್ತದೆ. ಎನ್‌ಎಫ್‌ಎಸ್ ತೆಗೆದು ಸೆಫ್ ಅಥವಾ ಗ್ಲಸ್ಟರ್‌ನಂಥ, ಹಲವು ಸರ್ವರ್‌ಗಳಲ್ಲಿ ಹರಡಿರುವ ಫೈಲ್ ಸಿಸ್ಟಮ್ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಸಲಹೆ ಮೇಲಿನವರಿಂದ ಬಂದಿದೆ. ಹಣ ಮತ್ತು ಶ್ರಮ ಎರಡೂ ದೊಡ್ಡ ಮೊತ್ತದ್ದಾದ್ದರಿಂದ, ಕೈಹಾಕುವ ಮೊದಲು ಅನುಭವವಿರುವವರ ಅಭಿಪ್ರಾಯ ತಿಳಿಯಬಯಸುತ್ತೇನೆ.

ಹಳೇಯುನಿಕ್ಸ್

ನೀವು ವಿವರಿಸಿದ ಲಕ್ಷಣಗಳಲ್ಲೇ ಉತ್ತರವಿದೆ. ಜಾಲ ಖಾಲಿ, ಡಿಸ್ಕ್ ಖಾಲಿ, ಸಿಪಿಯು ಖಾಲಿ, ಆದರೂ ಕೆಲಸ ಸಾಗುತ್ತಿಲ್ಲವೆಂದರೆ ಪ್ರತಿಯೊಂದು ಪ್ರಕ್ರಿಯೆಯೂ ಯಾವುದೋ ಸಣ್ಣ ಉತ್ತರಕ್ಕಾಗಿ ಕಾಯುತ್ತ ಕುಳಿತಿದೆ ಎಂದೇ ಅರ್ಥ. ಇಲ್ಲಿ ಕೊರತೆಯಿರುವುದು ಬ್ಯಾಂಡ್‌ವಿಡ್ತ್‌ನದಲ್ಲ. ಸರ್ವರ್‌ವರೆಗೆ ಹೋಗಿ ಬರುವ ಸಮಯ ಮತ್ತು ಅಂಥ ಪ್ರಯಾಣಗಳ ಸಂಖ್ಯೆ, ಇವೆರಡರ ಗುಣಲಬ್ಧವೇ ನಿಮ್ಮನ್ನು ಕಾಡುತ್ತಿದೆ.

ಒಂದು ಅಂದಾಜು ಲೆಕ್ಕ ಹಾಕೋಣ. ಒಂದು ಸಿ++ ಸೋರ್ಸ್ ಫೈಲ್ ನೇರವಾಗಿಯೂ ಪರೋಕ್ಷವಾಗಿಯೂ 400 ಹೆಡರ್ ಫೈಲ್‌ಗಳನ್ನು (ಸೋರ್ಸ್‌ಗೆ ಬೇಕಾದ ಘೋಷಣೆಗಳಿರುವ ಫೈಲ್‌ಗಳು) ಎಳೆದುಕೊಳ್ಳುತ್ತದೆ ಎಂದುಕೊಳ್ಳಿ. ಹೆಡರ್‌ಗಳಿಗಾಗಿ ಹುಡುಕಬೇಕಾದ ಡೈರೆಕ್ಟರಿಗಳು 25 ಇವೆ ಮತ್ತು ಪ್ರತಿಯೊಂದು ಹೆಡರ್ ಸರಾಸರಿ ಹತ್ತನೆಯ ಡೈರೆಕ್ಟರಿಯಲ್ಲಿ ಸಿಗುತ್ತದೆ ಎಂದಾದರೆ, ಸಿಗುವ ಮೊದಲು ಒಂಬತ್ತು ಬಾರಿ 'ಇಲ್ಲ' ಎಂಬ ಉತ್ತರ ಬರಬೇಕು. ಅಂದರೆ ಒಂದೇ ಸೋರ್ಸ್ ಫೈಲಿಗೆ 3,600 ಬಾರಿ ಇಲ್ಲದ ಫೈಲನ್ನು ತೆರೆಯುವ ಪ್ರಯತ್ನ ನಡೆಯುತ್ತದೆ. ಸ್ಥಳೀಯ ಡಿಸ್ಕ್‌ನಲ್ಲಿ ಇದು ಗಮನಕ್ಕೇ ಬಾರದು, ಏಕೆಂದರೆ ಕರ್ನಲ್ ತನ್ನ ನೆನಪಿನಿಂದಲೇ 'ಇಲ್ಲ' ಎಂದು ಹೇಳಿಬಿಡುತ್ತದೆ. ಜಾಲದ ಮೂಲಕ ಹೋಗಿ ಬರಲು 0.3 ಮಿಲಿಸೆಕೆಂಡ್ ಹಿಡಿದರೆ ಅಷ್ಟಕ್ಕೇ ಒಂದು ಸೆಕೆಂಡಿಗೂ ಹೆಚ್ಚು ಸಮಯ ಹೋಯಿತು, ಕಂಪೈಲರ್ ಇನ್ನೂ ಒಂದು ಸಾಲನ್ನೂ ಓದಿರುವುದಿಲ್ಲ. ನಿಮ್ಮ 10 ಗಿಗಾಬಿಟ್ ಜಾಲವನ್ನು 100 ಗಿಗಾಬಿಟ್‌ಗೆ ಏರಿಸುವುದೆಂದರೆ, ನ್ಯಾಯಬೆಲೆ ಅಂಗಡಿಯಲ್ಲಿ ತೂಕ ಮಾಡುವವನು ಒಬ್ಬನೇ ಇರುವಾಗ ಗೋದಾಮನ್ನು ದೊಡ್ಡದು ಮಾಡಿದಂತೆ.

ಎನ್‌ಎಫ್‌ಎಸ್ ಕೂಡ 'ಇಲ್ಲ' ಎಂಬ ಉತ್ತರಗಳನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದು ನಿಜ. ಆದರೆ ಆ ನೆನಪು ಡೈರೆಕ್ಟರಿಯ ಬದಲಾವಣೆಯ ಸಮಯಕ್ಕೆ ಕಟ್ಟುಬಿದ್ದಿದೆ. ಅದೇ ಡೈರೆಕ್ಟರಿಯಲ್ಲಿ ಮತ್ತೊಂದು ಯಂತ್ರವು ಹೊಸ ಫೈಲ್ ಸೃಷ್ಟಿಸಿದೊಡನೆ ಡೈರೆಕ್ಟರಿ ಬದಲಾಗುತ್ತದೆ, ಹಿಂದೆ ನೆನಪಿಟ್ಟುಕೊಂಡ 'ಇಲ್ಲ'ಗಳೆಲ್ಲ ನಂಬಲರ್ಹವಲ್ಲದೆ ಹೋಗುತ್ತವೆ, ಹುಡುಕಾಟ ಮೊದಲಿನಿಂದ ಶುರುವಾಗುತ್ತದೆ. ನಿಮ್ಮ ಮೇಕ್‌ಫೈಲ್‌ಗಳು ಆಬ್ಜೆಕ್ಟ್ ಫೈಲ್‌ಗಳನ್ನು ಸೋರ್ಸ್ ಇರುವ ಡೈರೆಕ್ಟರಿಯಲ್ಲೇ ಬರೆಯುತ್ತಿದ್ದರೆ ನಡೆಯುತ್ತಿರುವುದು ಇದೇ. ಪ್ರತಿ ಯಂತ್ರವೂ ತನ್ನ ಕೆಲಸ ಮುಗಿಸುವ ಮೂಲಕ ಉಳಿದೆಲ್ಲ ಯಂತ್ರಗಳ ನೆನಪನ್ನು ಅಳಿಸುತ್ತಿದೆ. ಯಂತ್ರಗಳು ಹೆಚ್ಚಾದಂತೆ ನಿಧಾನವಾಗುವುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇದು ಹೊಸ ಸಂಗತಿಯೂ ಅಲ್ಲ. 1980ರ ದಶಕದಲ್ಲಿ ಬರ್ಕ್ಲಿಯಲ್ಲಿ ಜಾನ್ ಔಸ್ಟರ್‌ಹೌಟ್ ಅವರ ಗುಂಪು ಕಟ್ಟಿದ ಸ್ಪ್ರೈಟ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ, ಖಾಲಿ ಇರುವ ಯಂತ್ರಗಳಿಗೆ ಕಂಪೈಲ್ ಕೆಲಸವನ್ನು ಹಂಚುವ ಪಿಮೇಕ್ ಇತ್ತು. ಅಲ್ಲಿ ಫೈಲಿನ ಒಳಗಿನ ದತ್ತಾಂಶವನ್ನು ಪ್ರತಿ ಯಂತ್ರವೂ ತನ್ನಲ್ಲೇ ಇಟ್ಟುಕೊಳ್ಳುತ್ತಿತ್ತು. ಆದರೆ ಹೆಸರಿನಿಂದ ಫೈಲನ್ನು ಹುಡುಕುವ ಕೆಲಸ ಪ್ರತಿ ಬಾರಿಯೂ ಸರ್ವರ್‌ಗೇ ಹೋಗುತ್ತಿದ್ದುದರಿಂದ ಕೊನೆಗೆ ಎಡವಿದ್ದು ಫೈಲ್ ಸರ್ವರಿನಲ್ಲೇ.

ಏನನ್ನಾದರೂ ಕೊಳ್ಳುವ ಮೊದಲು ಒಂದು ಬಿಲ್ಡ್ ನಡೆಯುತ್ತಿರುವಾಗ ಎನ್‌ಎಫ್‌ಎಸ್ ಕೋರಿಕೆಗಳ ಲೆಕ್ಕ ಕೊಡುವ ಮೌಂಟ್‌ಸ್ಟ್ಯಾಟ್ಸ್ ನೋಡಿ. ಲುಕಪ್, ಗೆಟ್‌ಆಟರ್, ಆಕ್ಸೆಸ್ (ಹೆಸರು ಹುಡುಕುವ, ಗುಣಲಕ್ಷಣ ಕೇಳುವ, ಅನುಮತಿ ಪರೀಕ್ಷಿಸುವ ಕೋರಿಕೆಗಳು) ಇವುಗಳ ಮೊತ್ತವನ್ನು ರೀಡ್ ಮತ್ತು ರೈಟ್‌ಗಳ ಮೊತ್ತದೊಡನೆ ಹೋಲಿಸಿ. ಮೊದಲನೆಯದು ಬಹಳ ದೊಡ್ಡದಾಗಿದ್ದರೆ ನಾನು ಹೇಳಿದ್ದು ಸರಿಯೆಂದು ತಿಳಿಯಿರಿ.

ತುಂಗಾತೀರ

ಹಳೇಯುನಿಕ್ಸ್ ಅವರ ರೋಗನಿರ್ಣಯವನ್ನು ಒಪ್ಪುತ್ತೇನೆ. ಆದರೆ ಸೆಫ್ ಎಂಬ ಸಲಹೆಯನ್ನು ಅಷ್ಟು ಬೇಗ ತಳ್ಳಿಹಾಕುವುದು ಸರಿಯಲ್ಲ. ಎನ್‌ಎಫ್‌ಎಸ್‌ನಲ್ಲಿ ಕ್ಲೈಂಟ್ (ಸರ್ವರನ್ನು ಬಳಸುವ ಯಂತ್ರ) ತನ್ನಲ್ಲಿರುವ ಮಾಹಿತಿ ಹಳೆಯದಾಗಿದೆಯೇ ಎಂದು ಪದೇ ಪದೇ ತಾನೇ ಕೇಳುತ್ತಿರಬೇಕು. ಲಿನಕ್ಸ್‌ನಲ್ಲಿ ಫೈಲಿನ ಗುಣಲಕ್ಷಣಗಳನ್ನು (ಗಾತ್ರ, ಸಮಯ ಮುಂತಾದವು) ಕನಿಷ್ಠ 3 ಸೆಕೆಂಡ್, ಗರಿಷ್ಠ 60 ಸೆಕೆಂಡ್ ನಂಬುವುದು ರೂಢಿಯ ಹೊಂದಾಣಿಕೆ. ಡೈರೆಕ್ಟರಿಗಳಿಗೆ ಕನಿಷ್ಠ 30 ಸೆಕೆಂಡ್. ಅದರ ಮೇಲೆ, ಪ್ರತಿ ಬಾರಿ ಫೈಲ್ ತೆರೆಯುವಾಗ ಒಮ್ಮೆ ಸರ್ವರನ್ನು ಕೇಳಿ ಖಚಿತಪಡಿಸಿಕೊಳ್ಳುವ ನಿಯಮವೂ ಇದೆ. ಸೆಫ್ ಫೈಲ್ ಸಿಸ್ಟಮ್‌ನ ರೀತಿ ಬೇರೆ. ಅಲ್ಲಿ ಮೆಟಾಡೇಟಾ ಸರ್ವರ್ (ಫೈಲಿನ ಹೆಸರು, ಗುಣಲಕ್ಷಣಗಳನ್ನು ನೋಡಿಕೊಳ್ಳುವ ಸರ್ವರ್) ಕ್ಲೈಂಟ್‌ಗೆ ಒಂದು ಬಗೆಯ ಅಧಿಕಾರಪತ್ರ ಕೊಟ್ಟಿರುತ್ತದೆ, ಅದನ್ನು ಹಿಂತೆಗೆದುಕೊಳ್ಳುವವರೆಗೂ ಕ್ಲೈಂಟ್ ಯಾರನ್ನೂ ಕೇಳದೆ ಸ್ಥಳೀಯವಾಗಿಯೇ ಉತ್ತರಿಸಿಕೊಳ್ಳಬಹುದು. ಓದುವುದೇ ಹೆಚ್ಚಾಗಿರುವ ಕಡೆ ಇದರ ಲಾಭ ದೊಡ್ಡದು.

ಇನ್ನೊಂದು ವಿಷಯವೆಂದರೆ ಸೆಫ್‌ನಲ್ಲಿ ಮೆಟಾಡೇಟಾ ಸರ್ವರ್ ಒಂದಕ್ಕಿಂತ ಹೆಚ್ಚು ಇರಬಹುದು. 2016ರ ಜುವೆಲ್ ಆವೃತ್ತಿಯಲ್ಲಿ ಅದರ ಫೈಲ್ ಸಿಸ್ಟಮ್ ಸ್ಥಿರವೆಂದು ಘೋಷಣೆಯಾಯಿತು, 2017ರ ಲ್ಯೂಮಿನಸ್‌ನಲ್ಲಿ ಹಲವು ಸಕ್ರಿಯ ಮೆಟಾಡೇಟಾ ಸರ್ವರ್‌ಗಳ ಬಳಕೆಯೂ ಸ್ಥಿರವಾಯಿತು. ನಾವು ಪ್ರತಿ ಬಿಲ್ಡ್ ಯಂತ್ರಕ್ಕೂ ಪ್ರತ್ಯೇಕ ಡೈರೆಕ್ಟರಿ ಕೊಟ್ಟು, ಆ ಡೈರೆಕ್ಟರಿಗಳನ್ನು ಬೇರೆ ಬೇರೆ ಮೆಟಾಡೇಟಾ ಸರ್ವರ್‌ಗಳಿಗೆ ಕಟ್ಟಿಹಾಕಿದ್ದೇವೆ. ಕೆಲಸ ತೃಪ್ತಿಕರವಾಗಿ ನಡೆಯುತ್ತಿದೆ. ಒಂದೇ ಸರ್ವರ್ ಬಿದ್ದರೆ ಇಡೀ ತಂಡ ಕೈಕಟ್ಟಿ ಕೂರುವ ಸ್ಥಿತಿ ತಪ್ಪಿದೆ ಎಂಬುದೂ ಸಣ್ಣ ಲಾಭವಲ್ಲ.

ಹಳೇಯುನಿಕ್ಸ್

ಪ್ರತಿ ಯಂತ್ರಕ್ಕೂ ಪ್ರತ್ಯೇಕ ಡೈರೆಕ್ಟರಿ ಕೊಟ್ಟಿದ್ದೀರಿ ಎಂದರೆ, ಹಂಚಿಕೆಯ ಫೈಲ್ ಸಿಸ್ಟಮ್ ಮೇಲೆ ಹಂಚಿಕೊಳ್ಳದಿರುವ ವ್ಯವಸ್ಥೆಯೊಂದನ್ನು ಕಟ್ಟಿದ್ದೀರಿ. ಒಂದೇ ಡೈರೆಕ್ಟರಿಯಲ್ಲಿ ಎರಡು ಯಂತ್ರಗಳು ಬರೆಯತೊಡಗಿದರೆ ನೀವು ಹೇಳಿದ ಅಧಿಕಾರಪತ್ರಗಳನ್ನು ಹಿಂತೆಗೆದುಕೊಳ್ಳುವುದು, ಮತ್ತೆ ಕೊಡುವುದು ಇದೇ ಮೆಟಾಡೇಟಾ ಸರ್ವರ್‌ಗೆ ಮುಖ್ಯ ಕೆಲಸವಾಗಿಬಿಡುತ್ತದೆ. ಹಂಚಿಕೊಳ್ಳುವುದೇ ಇಲ್ಲವಾದರೆ ಆ ಡೈರೆಕ್ಟರಿ ಯಂತ್ರದೊಳಗಿನ ಎನ್‌ವಿಎಂಇ ಮೇಲೆ ಏಕೆ ಇರಬಾರದು? ನಾಳೆ ಬೆಳಿಗ್ಗೆ ಎಸೆದುಬಿಡುವ ಆಬ್ಜೆಕ್ಟ್ ಫೈಲ್ ಒಂದರ ಮೂರು ಪ್ರತಿಗಳನ್ನು ಮೂರು ಡಿಸ್ಕ್‌ಗಳಲ್ಲಿ ಬರೆದು, ಮೂರೂ ಕಡೆಯಿಂದ ಖಾತರಿ ಬಂದ ಮೇಲೆಯೇ ಬರಹ ಮುಗಿಯಿತೆಂದು ಹೇಳುವ ವ್ಯವಸ್ಥೆಯ ವೆಚ್ಚವನ್ನು ಯಾರಿಗಾಗಿ ಭರಿಸಬೇಕು?

ತುಂಗಾತೀರ

ಪ್ರಶ್ನೆ ನ್ಯಾಯವಾದದ್ದೇ. ನಮ್ಮಲ್ಲಿ ಬಿಲ್ಡ್ ಯಂತ್ರಗಳು ವರ್ಚುವಲ್ ಯಂತ್ರಗಳು, ಅವುಗಳಿಗೆ ಸ್ಥಳೀಯ ಡಿಸ್ಕ್ ಎಂಬುದೇ ಇಲ್ಲ. ಬ್ಲಾಕ್ ಸಾಧನವೂ (ಯಂತ್ರಕ್ಕೆ ಡಿಸ್ಕ್‌ನಂತೆ ಕಾಣುವ ಸಂಗ್ರಹ) ಕೊನೆಗೆ ಸೆಫ್‌ನಿಂದಲೇ ಬರುತ್ತದೆ. ಸ್ಥಳೀಯ ಎನ್‌ವಿಎಂಇ ಇರುವವರಿಗೆ ತಾತ್ಕಾಲಿಕ ಫೈಲ್‌ಗಳನ್ನು ಸೆಫ್ ಮೇಲೆ ಇಡಿ ಎಂದು ನಾನೂ ಹೇಳಲಾರೆ. ಆದರೆ ಬ್ಲಾಕ್ ಸಾಧನದ ಮೇಲೆ ಎಕ್ಸ್‌ಎಫ್‌ಎಸ್ ಎಂಬ ಸ್ಥಳೀಯ ಫೈಲ್ ಸಿಸ್ಟಮ್ ಹಾಕಿಕೊಂಡರೆ ಮೆಟಾಡೇಟಾ ಎಲ್ಲವೂ ಆ ಯಂತ್ರದ ಕರ್ನಲ್‌ನಲ್ಲೇ ಉಳಿಯುತ್ತದೆ ಎಂಬುದನ್ನು ನಮ್ಮಂಥ ಸ್ಥಿತಿಯಲ್ಲಿರುವವರು ಗಮನಿಸಬಹುದು. ನಾವು ಆ ದಿಕ್ಕಿನಲ್ಲಿ ಯೋಚಿಸುತ್ತಿದ್ದೇವೆ.

ಇಟ್ಟಿಗೆಗೂಡು

ಗ್ಲಸ್ಟರ್ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಬೆಂಗಳೂರಿನಲ್ಲಿ ಅದರ ಅಭಿವೃದ್ಧಿಯ ದೊಡ್ಡ ಪಾಲು ನಡೆದದ್ದರಿಂದ ಇಲ್ಲಿನ ಅನೇಕರಿಗೆ ಅದರ ಮೇಲೆ ಸ್ವಲ್ಪ ಪ್ರೀತಿಯೂ ಇದೆ, ನನಗೂ ಇದೆ. ಹಾಗಿದ್ದೂ ಬಿಲ್ಡ್ ಕ್ಲಸ್ಟರ್‌ಗೆ ಅದು ಬೇಡ.

ಕಾರಣ ಅದರ ವಿನ್ಯಾಸದಲ್ಲೇ ಇದೆ. ಗ್ಲಸ್ಟರ್‌ನಲ್ಲಿ ಪ್ರತ್ಯೇಕ ಮೆಟಾಡೇಟಾ ಸರ್ವರ್ ಇಲ್ಲ. ಫೈಲಿನ ಹೆಸರಿನಿಂದ ಹ್ಯಾಶ್ (ಲೆಕ್ಕದಿಂದ ಬರುವ ಗುರುತುಸಂಖ್ಯೆ) ಲೆಕ್ಕ ಹಾಕಿ ಅದು ಯಾವ 'ಬ್ರಿಕ್'ನಲ್ಲಿ (ಸರ್ವರೊಂದರ ಸಂಗ್ರಹ ಭಾಗದಲ್ಲಿ) ಇರಬೇಕೆಂದು ಕ್ಲೈಂಟ್ ತಾನೇ ತಿಳಿದುಕೊಳ್ಳುತ್ತದೆ. ದೊಡ್ಡ ವಿಡಿಯೊ ಫೈಲ್‌ಗಳಿಗೂ ಬ್ಯಾಕಪ್‌ಗಳಿಗೂ ಇದು ಸೊಗಸಾದ ಉಪಾಯ. ಆದರೆ ಹ್ಯಾಶ್ ತೋರಿಸಿದ ಕಡೆ ಫೈಲ್ ಇಲ್ಲದಿದ್ದರೆ, ಅದು ನಿಜವಾಗಿಯೂ ಇಲ್ಲವೇ ಅಥವಾ ಹೆಸರು ಬದಲಾವಣೆಯಿಂದಲೋ ಬ್ರಿಕ್ ಸೇರಿಸಿದ್ದರಿಂದಲೋ ಬೇರೆಡೆ ಉಳಿದಿದೆಯೇ ಎಂದು ತಿಳಿಯಲು ಎಲ್ಲ ಬ್ರಿಕ್‌ಗಳನ್ನೂ ಕೇಳಬೇಕಾಗಬಹುದು. ಇದನ್ನು ಕಡಿಮೆ ಮಾಡುವ ಹೊಂದಾಣಿಕೆಗಳಿವೆ, ಆದರೂ ಮೇಲೆ ಹೇಳಿದ 3,600 'ಇಲ್ಲ'ಗಳ ಲೆಕ್ಕವನ್ನು ಇದಕ್ಕೆ ಅನ್ವಯಿಸಿ ನೋಡಿ. ಇಲ್ಲದ ಫೈಲನ್ನು ಹುಡುಕುವುದೇ ಮುಖ್ಯ ಕಸುಬಾಗಿರುವ ಕಂಪೈಲರ್‌ಗೆ, ಇಲ್ಲದ ಫೈಲನ್ನು ಹುಡುಕುವುದೇ ಅತಿ ದುಬಾರಿಯಾಗಿರುವ ಫೈಲ್ ಸಿಸ್ಟಮ್ ಜೊತೆಗೂಡಿದಂತಾಗುತ್ತದೆ. ಇದಲ್ಲದೆ ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಆಧಾರಿತ ಉತ್ಪನ್ನಕ್ಕೆ ಕೊಡುತ್ತಿದ್ದ ಬೆಂಬಲ 2024ರ ಕೊನೆಗೆ ಮುಗಿದಿದೆ. ಹೊಸದಾಗಿ ಆರಂಭಿಸುವವರು ಈ ಅಂಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಚ್‌ಡಿಎಫ್‌ಎಸ್ (ಹಡೂಪ್‌ನ ಫೈಲ್ ಸಿಸ್ಟಮ್) ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: 128 ಮೆಗಾಬೈಟ್‌ನ ಬ್ಲಾಕ್‌ಗಳಿಗಾಗಿ ರೂಪಿಸಿದ, ಫೈಲಿನ ನಡುವೆ ತಿದ್ದಿ ಬರೆಯಲು ಅವಕಾಶವೇ ಇಲ್ಲದ ವ್ಯವಸ್ಥೆಯ ಮೇಲೆ ಆಬ್ಜೆಕ್ಟ್ ಫೈಲ್‌ಗಳನ್ನು ಜೋಡಿಸುವ ಲಿಂಕರ್ ಓಡಿಸಲಾಗದು.

ಸಂಕಲಕ

ಎಲ್ಲರಿಗೂ ಧನ್ಯವಾದಗಳು. ಮೌಂಟ್‌ಸ್ಟ್ಯಾಟ್ಸ್ ನೋಡಿದೆ, ಹಳೇಯುನಿಕ್ಸ್ ಅವರು ಹೇಳಿದ ಹಾಗೆಯೇ ಇದೆ, ಲುಕಪ್ ಮತ್ತು ಗೆಟ್‌ಆಟರ್‌ಗಳೇ ಬಹುಪಾಲು. ನಮ್ಮ ಆಬ್ಜೆಕ್ಟ್ ಫೈಲ್‌ಗಳು ಸೋರ್ಸ್ ಪಕ್ಕದಲ್ಲೇ ಬೀಳುತ್ತವೆ ಎಂಬುದೂ ನಿಜ.

ಇನ್ನೆರಡು ಪ್ರಶ್ನೆಗಳಿವೆ. ಸ್ಟೇಲ್ ಫೈಲ್ ಹ್ಯಾಂಡಲ್ ಏಕೆ ಬರುತ್ತದೆ? ಮತ್ತು ಕೆಲವೊಮ್ಮೆ ಮೇಕ್ 'ಕ್ಲಾಕ್ ಸ್ಕ್ಯೂ' (ಗಡಿಯಾರಗಳ ನಡುವೆ ಅಂತರ) ಎಂದು ಎಚ್ಚರಿಸಿ, ಬಿಲ್ಡ್ ಅಪೂರ್ಣವಾಗಿರಬಹುದು ಎನ್ನುತ್ತದೆ. ಇದನ್ನು ಎಷ್ಟರಮಟ್ಟಿಗೆ ಗಂಭೀರವಾಗಿ ಪರಿಗಣಿಸಬೇಕು?

ಕಡತಪಾಲಕ

ಎರಡನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅವರು ಮೇಕ್ ಬರೆದಾಗ ಯಂತ್ರ ಒಂದೇ, ಗಡಿಯಾರ ಒಂದೇ. ಯಾವ ಫೈಲ್ ಹೊಸದು, ಯಾವುದು ಹಳೆಯದು ಎಂಬ ಹೋಲಿಕೆಯ ಮೇಲೆ ಇಡೀ ಉಪಕರಣ ನಿಂತಿದೆ. ಎನ್‌ಎಫ್‌ಎಸ್ ಮೇಲೆ ಒಂದು ಫೈಲಿನ ಸಮಯವನ್ನು ಕೆಲವೊಮ್ಮೆ ಸರ್ವರ್‌ನ ಗಡಿಯಾರ ನಿರ್ಧರಿಸುತ್ತದೆ, ಕೆಲವೊಮ್ಮೆ ಕ್ಲೈಂಟ್‌ನದು. ಕಂಪೈಲರ್ ಸಾಮಾನ್ಯ ರೀತಿಯಲ್ಲಿ ಬರೆದ ಫೈಲಿಗೆ ಸರ್ವರ್ ತನ್ನ ಸಮಯ ಹಾಕುತ್ತದೆ. ಟಾರ್ ಕಟ್ಟಿನಿಂದ ಬಿಡಿಸಿದ ಅಥವಾ ಸಮಯವನ್ನು ಉಳಿಸಿಕೊಂಡು ನಕಲಿಸಿದ ಫೈಲಿಗೆ ಕ್ಲೈಂಟ್ ಸೂಚಿಸಿದ ಸಮಯವೇ ಬೀಳುತ್ತದೆ. ಎರಡು ಗಡಿಯಾರಗಳ ನಡುವೆ ಅಂತರವಿದ್ದರೆ, ಮತ್ತೆ ಕಂಪೈಲ್ ಆಗಬೇಕಾದದ್ದು ಆಗದೆ ಉಳಿಯಬಹುದು. ಹಳೆಯ ಹೆಡರ್‌ನೊಂದಿಗೆ ಕಂಪೈಲ್ ಆದ ಆಬ್ಜೆಕ್ಟ್ ಫೈಲ್ ಒಂದು ಸದ್ದಿಲ್ಲದೆ ಅಂತಿಮ ಬೈನರಿಯೊಳಗೆ ಸೇರಿಕೊಂಡರೆ ಅದನ್ನು ಪತ್ತೆಹಚ್ಚುವುದು ಎಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ. ಆದ್ದರಿಂದ ಆ ಎಚ್ಚರಿಕೆ ಬಂದ ಬಿಲ್ಡನ್ನು ವಿಫಲವೆಂದೇ ಪರಿಗಣಿಸಿ. ಎಲ್ಲ ಯಂತ್ರಗಳಲ್ಲೂ ಸರ್ವರ್‌ನಲ್ಲೂ ಸಮಯ ಹೊಂದಿಸುವ ಕ್ರೋನಿ ಓಡುತ್ತಿದೆಯೇ, ಒಂದೇ ಮೂಲದಿಂದ ಸಮಯ ಪಡೆಯುತ್ತಿವೆಯೇ ಎಂದು ನೋಡಿ. ವರ್ಚುವಲ್ ಯಂತ್ರಗಳನ್ನು ನಿಲ್ಲಿಸಿ ಮತ್ತೆ ಎಬ್ಬಿಸುವ ಅಭ್ಯಾಸವಿದ್ದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಗಡಿಯಾರಗಳು ಸರಿಯಿದ್ದರೂ ಗುಣಲಕ್ಷಣಗಳ ಕ್ಯಾಶ್‌ನಿಂದ (ಕ್ಲೈಂಟ್ ನೆನಪಿಟ್ಟುಕೊಂಡ ಪ್ರತಿಯಿಂದ) ಇದೇ ತೊಂದರೆ ಇನ್ನೊಂದು ವೇಷದಲ್ಲಿ ಬರುತ್ತದೆ. ಒಂದು ಯಂತ್ರದಲ್ಲಿ ಹೆಡರ್ ಸೃಷ್ಟಿಯಾಗಿದೆ, ಮತ್ತೊಂದು ಯಂತ್ರವು ಕೆಲವು ಕ್ಷಣಗಳ ಹಿಂದಷ್ಟೇ 'ಇಲ್ಲ' ಎಂಬ ಉತ್ತರ ಪಡೆದು ಅದನ್ನೇ ನಂಬಿ ಕುಳಿತಿದೆ; ಫೈಲ್ ಕಣ್ಣೆದುರಿಗಿದ್ದರೂ ಬಿಲ್ಡ್ ಬೀಳುತ್ತದೆ, ಮತ್ತೆ ಓಡಿಸಿದರೆ ಸರಿಹೋಗುತ್ತದೆ. ಇದನ್ನು ತಪ್ಪಿಸಲು ಕ್ಯಾಶನ್ನು ಪೂರ್ತಿ ಆರಿಸುವ ಮೌಂಟ್ ಆಯ್ಕೆಗಳಿವೆ. ಅವುಗಳನ್ನು ಹಾಕಿದರೆ ನಿಖರತೆ ಬರುತ್ತದೆ, ಇದ್ದಬದ್ದ ವೇಗವೂ ಹೋಗುತ್ತದೆ.

ಇನ್ನು ಸ್ಟೇಲ್ ಫೈಲ್ ಹ್ಯಾಂಡಲ್. ಸ್ಥಳೀಯ ಯುನಿಕ್ಸ್ ಫೈಲ್ ಸಿಸ್ಟಮ್‌ನಲ್ಲಿ ಯಾರೋ ತೆರೆದಿಟ್ಟುಕೊಂಡಿರುವ ಫೈಲನ್ನು ಅಳಿಸಿದರೂ, ತೆರೆದವರು ಮುಚ್ಚುವವರೆಗೆ ಅದು ಉಳಿದಿರುತ್ತದೆ. ಎನ್‌ಎಫ್‌ಎಸ್‌ನ ಮೂರನೆಯ ಆವೃತ್ತಿಯಲ್ಲಿ ಯಾರು ಯಾವ ಫೈಲನ್ನು ತೆರೆದಿದ್ದಾರೆಂಬ ಲೆಕ್ಕವನ್ನೇ ಸರ್ವರ್ ಇಡುವುದಿಲ್ಲ. ಅದೇ ಯಂತ್ರದಲ್ಲಿ ತೆರೆದು ಅದೇ ಯಂತ್ರದಲ್ಲಿ ಅಳಿಸಿದರೆ, ಕ್ಲೈಂಟ್ ಆ ಫೈಲಿಗೆ ಚುಕ್ಕಿಯಿಂದ ಶುರುವಾಗುವ ಒಂದು ವಿಚಿತ್ರ ಹೆಸರು ಕೊಟ್ಟು ಬಚ್ಚಿಟ್ಟು ನಿಭಾಯಿಸುತ್ತದೆ. ಡೈರೆಕ್ಟರಿ ಅಳಿಸಲು ಹೋದಾಗ 'ಖಾಲಿಯಿಲ್ಲ' ಎಂಬ ಉತ್ತರ ಬರುವುದೂ ಈ ಬಚ್ಚಿಟ್ಟ ಫೈಲ್‌ಗಳಿಂದಲೇ. ಆದರೆ ಒಂದು ಯಂತ್ರ ತೆರೆದಿರುವ ಫೈಲನ್ನು ಇನ್ನೊಂದು ಯಂತ್ರ ಅಳಿಸಿದರೆ ಈ ಉಪಾಯ ನಡೆಯದು, ಮೊದಲ ಯಂತ್ರದ ಕೈಯಲ್ಲಿ ಉಳಿಯುವುದು ಸತ್ತ ಹ್ಯಾಂಡಲ್ ಮಾತ್ರ.

ನಿಮ್ಮಲ್ಲಿ ಕಂಪೈಲರನ್ನೂ ಎನ್‌ಎಫ್‌ಎಸ್ ಮೇಲೆ ಇಟ್ಟಿದ್ದೀರಿ. ಯಾರಾದರೂ ಅದೇ ಡೈರೆಕ್ಟರಿಯೊಳಗೆ ಫೈಲ್‌ಗಳನ್ನು ನಕಲಿಸುವ ಆರ್‌ಸಿಂಕ್ ಮೂಲಕ ಹೊಸ ಆವೃತ್ತಿ ಸುರಿಯುತ್ತಿದ್ದಾರೆಯೇ? ಆರ್‌ಸಿಂಕ್ ಹೊಸ ಫೈಲ್ ಬರೆದು ಹಳೆಯದರ ಜಾಗಕ್ಕೆ ತಂದು ಕೂರಿಸುತ್ತದೆ, ಹಳೆಯದು ಸರ್ವರ್‌ನಿಂದ ಮಾಯವಾಗುತ್ತದೆ. ಆ ಹೊತ್ತಿನಲ್ಲಿ ಹಳೆಯ ಕಂಪೈಲರ್ ಓಡಿಸುತ್ತಿದ್ದ ಪ್ರತಿ ಯಂತ್ರಕ್ಕೂ ನೀವು ಹೇಳಿದ ದೋಷ ಬರಬಹುದು. ಪರಿಹಾರ ಸರಳ. ಪ್ರತಿ ಆವೃತ್ತಿಗೂ ಹೊಸ ಡೈರೆಕ್ಟರಿ ಮಾಡಿ, ಒಮ್ಮೆ ಬರೆದ ಮೇಲೆ ಅದನ್ನು ಎಂದೂ ಮುಟ್ಟಬೇಡಿ. ಯಾವ ಬಿಲ್ಡ್‌ಗೆ ಯಾವ ಆವೃತ್ತಿ ಬೇಕೆಂಬುದನ್ನು ಬಿಲ್ಡ್‌ನ ಸಂರಚನೆಯಲ್ಲೇ ಬರೆಯಿರಿ.

ಹಳೇಯುನಿಕ್ಸ್

ಕಡತಪಾಲಕ ಅವರ ಕೊನೆಯ ಮಾತನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ಯಬಹುದು. ಎಂದೂ ಬದಲಾಗದ ಡೈರೆಕ್ಟರಿಯಾದರೆ ಅದನ್ನು ಸ್ಕ್ವಾಷ್‌ಎಫ್‌ಎಸ್ (ಓದಲು ಮಾತ್ರ ಅವಕಾಶವಿರುವ, ಕುಗ್ಗಿಸಿದ ಫೈಲ್ ಸಿಸ್ಟಮ್) ಇಮೇಜ್ ಆಗಿ ಕಟ್ಟಿ, ಆ ಒಂದೇ ಫೈಲನ್ನು ಎನ್‌ಎಫ್‌ಎಸ್ ಮೇಲೆ ಇಟ್ಟು, ಪ್ರತಿ ಯಂತ್ರದಲ್ಲೂ ಲೂಪ್ ಮೌಂಟ್ ಮಾಡಿ, ಅಂದರೆ ಆ ಫೈಲನ್ನೇ ಡಿಸ್ಕ್‌ನಂತೆ ಜೋಡಿಸಿ. ಆಗ ಸಾವಿರಾರು ಹೆಡರ್‌ಗಳಿರುವ ಕಂಪೈಲರ್ ಮರವು ಎನ್‌ಎಫ್‌ಎಸ್ ಕಣ್ಣಿಗೆ ಒಂದೇ ದೊಡ್ಡ ಫೈಲ್. ಹೆಸರಿನ ಹುಡುಕಾಟ, 'ಇಲ್ಲ' ಎಂಬ ಉತ್ತರ, ಅನುಮತಿ ಪರೀಕ್ಷೆ ಎಲ್ಲವೂ ಸ್ಥಳೀಯ ಕರ್ನಲ್‌ನೊಳಗೆ ಮುಗಿಯುತ್ತವೆ. ಸರ್ವರ್‌ಗೆ ಹೋಗುವುದು ಬ್ಲಾಕ್ ಓದುವ ಕೋರಿಕೆ ಮಾತ್ರ, ಅದೂ ಮೊದಲ ಸಲ ಮಾತ್ರ. ಅನಂತರ ಯಂತ್ರದ ಮೆಮೊರಿಯಲ್ಲಿನ ಪೇಜ್ ಕ್ಯಾಶ್‌ನಲ್ಲಿರುತ್ತದೆ. ಒಂದು ರೂಪಾಯಿಯೂ ಖರ್ಚಿಲ್ಲದ ಈ ಬದಲಾವಣೆಯಿಂದ ನಿಮ್ಮ ಲುಕಪ್‌ಗಳಲ್ಲಿ ದೊಡ್ಡ ಪಾಲು ಕಣ್ಮರೆಯಾಗಬೇಕು. ಮೌಂಟ್ ಆಗಿರುವ ಇಮೇಜನ್ನು ಸರ್ವರ್‌ನಲ್ಲಿ ಅಳಿಸಬಾರದೆಂಬ ಎಚ್ಚರವೊಂದು ಸಾಕು.

ಇದೇ ತತ್ವವನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ಸರ್ನ್ ಸಂಸ್ಥೆಯ ಸಿವಿಎಂಎಫ್‌ಎಸ್ ಇದೆ. ಜಗತ್ತಿನಾದ್ಯಂತ ಹರಡಿರುವ ಗಣಕ ಕೇಂದ್ರಗಳಿಗೆ ಭೌತಶಾಸ್ತ್ರದ ತಂತ್ರಾಂಶವನ್ನು ತಲುಪಿಸಲು ಕಟ್ಟಿದ, ಓದಲು ಮಾತ್ರ ಅವಕಾಶವಿರುವ ಫೈಲ್ ಸಿಸ್ಟಮ್ ಅದು. ಪ್ರತಿ ಫೈಲನ್ನೂ ಅದರ ಒಳಗಿನ ದತ್ತಾಂಶದ ಹ್ಯಾಶ್‌ನಿಂದ ಗುರುತಿಸಿ, ಸಾಮಾನ್ಯ ಎಚ್‌ಟಿಟಿಪಿ ಮತ್ತು ನಡುವಿನ ಸ್ಕ್ವಿಡ್ ಕ್ಯಾಶ್‌ಗಳ ಮೂಲಕ ಸಾಗಿಸುತ್ತದೆ. ಬರೆಯುವವರು ಒಬ್ಬರೇ, ಓದುವವರು ಅಸಂಖ್ಯರು ಎಂಬ ನಿಯಮವನ್ನು ಒಪ್ಪಿಕೊಂಡೊಡನೆ ವಿತರಿತ ಫೈಲ್ ಸಿಸ್ಟಮ್‌ನ ಕಷ್ಟಗಳಲ್ಲಿ ಬಹುಪಾಲು ಕರಗಿಹೋಗುತ್ತವೆ.

ಹೊಸಗಾಳಿ

ಇಷ್ಟೆಲ್ಲ ತೇಪೆ ಹಾಕುವ ಬದಲು ಹಂಚಿಕೆಯ ಫೈಲ್ ಸಿಸ್ಟಮ್ ಎಂಬ ಕಲ್ಪನೆಯನ್ನೇ ಕೈಬಿಡಬಾರದೇಕೆ? ಬೇಜಲ್‌ನಂಥ ಬಿಲ್ಡ್ ಉಪಕರಣದಲ್ಲಿ ಪ್ರತಿ ಹಂತಕ್ಕೂ ಬೇಕಾದ ಫೈಲ್‌ಗಳನ್ನು ಮುಂಚಿತವಾಗಿ ಘೋಷಿಸಲಾಗಿರುತ್ತದೆ. ಅವುಗಳ ಹ್ಯಾಶ್ ಲೆಕ್ಕ ಹಾಕಿ, ಅದೇ ಕೆಲಸ ಹಿಂದೆ ಎಲ್ಲಾದರೂ ನಡೆದಿದ್ದರೆ ಫಲಿತಾಂಶವನ್ನು ನೇರವಾಗಿ ತರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ದೂರದ ಯಂತ್ರಕ್ಕೆ ಕೆಲಸವನ್ನೂ ಅದಕ್ಕೆ ಬೇಕಾದ ಫೈಲ್‌ಗಳನ್ನೂ ಕಳಿಸುತ್ತದೆ. ಗಡಿಯಾರವೂ ಬೇಡ, ಮೌಂಟೂ ಬೇಡ. ಬೇಜಲ್‌ನ ಔಟ್‌ಪುಟ್ ಡೈರೆಕ್ಟರಿಯನ್ನು ಎನ್‌ಎಫ್‌ಎಸ್ ಮೇಲೆ ಇಟ್ಟರೆ ಅದೇ ಎಚ್ಚರಿಕೆ ಕೊಡುತ್ತದೆ. ಯೋಕ್ಟೊ ನಿರಾಕರಿಸುತ್ತದೆ, ಬೇಜಲ್ ಎಚ್ಚರಿಸುತ್ತದೆ. ಎರಡು ಬೇರೆ ಬೇರೆ ಸಮುದಾಯಗಳು ಒಂದೇ ತೀರ್ಮಾನಕ್ಕೆ ಬಂದಿರುವುದಕ್ಕೆ ಅರ್ಥವಿದೆಯಲ್ಲವೇ?

ಕಡತಪಾಲಕ

ಅರ್ಥವಿದೆ, ಆದರೆ ಸಂಕಲಕ ಅವರ ಕೈಯಲ್ಲಿರುವುದು ಹಲವು ವರ್ಷಗಳ ಮೇಕ್‌ಫೈಲ್‌ಗಳು. ಪ್ರತಿ ಹಂತದ ಅವಲಂಬನೆಯನ್ನೂ ತಪ್ಪಿಲ್ಲದೆ ಘೋಷಿಸುವ ಸ್ಥಿತಿಗೆ ಅವುಗಳನ್ನು ತರುವುದು ಪ್ರತ್ಯೇಕ ಯೋಜನೆಯೇ ಆಗುತ್ತದೆ, ಅದು ಮುಗಿಯುವವರೆಗೂ ಈಗಿನ ಬಿಲ್ಡ್ ನಡೆಯಲೇಬೇಕು.

ಮೇಕ್‌ಫೈಲ್ ಬದಲಿಸದೆ ಅದೇ ದಿಕ್ಕಿನಲ್ಲಿ ಅರ್ಧ ದಾರಿ ಸಾಗಬಹುದು. ಕಂಪೈಲ್ ಕೆಲಸವನ್ನು ಹಲವು ಯಂತ್ರಗಳಿಗೆ ಹಂಚುವ ಡಿಸ್ಟ್‌ಸಿಸಿ, ಪ್ರೀಪ್ರೊಸೆಸ್ ಮಾಡಿದ (ಹೆಡರ್‌ಗಳನ್ನು ಮೊದಲೇ ಒಳಗೆ ಸೇರಿಸಿದ) ಸೋರ್ಸನ್ನೇ ಜಾಲದ ಮೂಲಕ ಕಳಿಸುವುದರಿಂದ, ಕೆಲಸ ಮಾಡುವ ಯಂತ್ರಗಳಿಗೆ ಹಂಚಿಕೆಯ ಫೈಲ್ ಸಿಸ್ಟಮ್ ಆಗಲಿ, ಒಂದೇ ಹೆಡರ್‌ಗಳಾಗಲಿ, ಹೊಂದಿಕೆಯ ಗಡಿಯಾರವಾಗಲಿ ಬೇಕಿಲ್ಲ. ಅದೇ ಕಂಪೈಲರ್ ಇದ್ದರೆ ಸಾಕು. ಸೂಸೆ ಕಂಪನಿಯ ಕಡೆಯಿಂದ ಬಂದ ಐಸ್‌ಕ್ರೀಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಂಪೈಲರನ್ನೂ ತಾನೇ ಕಳಿಸುತ್ತದೆ, ಯಾವ ಯಂತ್ರ ಖಾಲಿಯಿದೆ ಎಂದು ನೋಡುವ ಶೆಡ್ಯೂಲರ್ ಕೂಡ ಅದರಲ್ಲಿದೆ. ಹಿಂದಿನ ಕಂಪೈಲ್ ಫಲಿತಾಂಶಗಳನ್ನು ಉಳಿಸಿಡುವ ಸಿಕ್ಯಾಶ್‌ನ ನಾಲ್ಕನೆಯ ಸರಣಿಯ ಆವೃತ್ತಿಗಳಲ್ಲಿ ಎಚ್‌ಟಿಟಿಪಿ ಅಥವಾ ರೆಡಿಸ್ ಮೂಲಕ ಎಲ್ಲರೂ ಹಂಚಿಕೊಳ್ಳುವ ದೂರದ ಸಂಗ್ರಹಕ್ಕೂ ಅವಕಾಶವಿದೆ. ಪ್ರತಿ ಯಂತ್ರದಲ್ಲೂ ಸೋರ್ಸ್ ಬೇರೆ ಬೇರೆ ಹಾದಿಯಲ್ಲಿದ್ದರೆ ಮೂಲ ಡೈರೆಕ್ಟರಿಯ ಹೊಂದಾಣಿಕೆ ಮಾಡಿಕೊಳ್ಳುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ಸಿಗುವುದೇ ಇಲ್ಲ.

ಫೆಡೋರಾ ಲಿನಕ್ಸ್‌ನ ಪ್ಯಾಕೇಜ್‌ಗಳನ್ನು ಕಟ್ಟುವ ಕೋಜಿ ವ್ಯವಸ್ಥೆಯನ್ನು ಗಮನಿಸಿದರೆ ಮಧ್ಯಮ ಮಾರ್ಗವೊಂದು ಕಾಣುತ್ತದೆ. ಅಲ್ಲಿಯೂ ಹಂಚಿಕೆಯ ದೊಡ್ಡ ಸಂಗ್ರಹವಿದೆ, ಸಾಮಾನ್ಯವಾಗಿ ಎನ್‌ಎಫ್‌ಎಸ್ ಮೇಲೆಯೇ. ಆದರೆ ಪ್ಯಾಕೇಜ್ ಬಿಲ್ಡ್ ನಡೆಯುವುದು ಯಂತ್ರದ ಸ್ಥಳೀಯ ಕ್ರೂಟ್‌ನೊಳಗೆ (ಪ್ರತ್ಯೇಕಿಸಿದ ಡೈರೆಕ್ಟರಿ ಮರದೊಳಗೆ). ಮುಗಿದ ಪ್ಯಾಕೇಜನ್ನು ಯಂತ್ರವು ನೇರವಾಗಿ ಸಂಗ್ರಹಕ್ಕೆ ಬರೆಯದೆ ಹಬ್‌ಗೆ (ಕೇಂದ್ರ ಸರ್ವರ್‌ಗೆ) ಅಪ್‌ಲೋಡ್ ಮಾಡುತ್ತದೆ. ರೆಪೊಸಿಟರಿ ಸೂಚಿ ತಯಾರಿಸುವ ಯಂತ್ರಗಳಿಗೆ ಮಾತ್ರ ಆ ಮೌಂಟ್ ಬೇಕು, ಅವುಗಳಿಗೂ ಓದುವ ಅನುಮತಿ ಸಾಕು.

ಸಂಕಲಕ

ಚಿತ್ರ ಸ್ಪಷ್ಟವಾಗುತ್ತಿದೆ. ನಾನು ಅಂದುಕೊಂಡಿರುವ ಕ್ರಮ ಹೀಗಿದೆ: ಎನ್‌ಎಫ್‌ಎಸ್ ಸರ್ವರ್ ಹಾಗೆಯೇ ಉಳಿಯುತ್ತದೆ. ಕಂಪೈಲರ್‌ಗಳು ಆವೃತ್ತಿವಾರು ಸ್ಕ್ವಾಷ್‌ಎಫ್‌ಎಸ್ ಇಮೇಜ್‌ಗಳಾಗುತ್ತವೆ. ಗಿಟ್ ಪ್ರತಿಬಿಂಬ (ಸೋರ್ಸ್ ಸಂಗ್ರಹದ ನಕಲು) ಮಾತ್ರ ಎನ್‌ಎಫ್‌ಎಸ್ ಮೇಲೆ ಇದ್ದು, ಕೆಲಸದ ಮರ ಪ್ರತಿ ಯಂತ್ರದ ಸ್ಥಳೀಯ ಡಿಸ್ಕ್‌ನಲ್ಲಿರುತ್ತದೆ. ಆಬ್ಜೆಕ್ಟ್ ಫೈಲ್‌ಗಳಿಗೆ ಪ್ರತ್ಯೇಕ ಡೈರೆಕ್ಟರಿ, ಅದೂ ಸ್ಥಳೀಯ. ಸಿಕ್ಯಾಶ್ ಎಚ್‌ಟಿಟಿಪಿ ಮೂಲಕ. ಮುಗಿದ ಬೈನರಿಗಳು ಮಾತ್ರ ಸರ್ವರ್‌ಗೆ ಹೋಗುತ್ತವೆ.

ಯೋಕ್ಟೊದ ಡೌನ್‌ಲೋಡ್ ಡೈರೆಕ್ಟರಿ ಮತ್ತು ಹಂಚಿಕೆಯ ಸ್ಟೇಟ್ ಕ್ಯಾಶ್ (ಮುಗಿದ ಬಿಲ್ಡ್ ಹಂತಗಳ ಫಲಿತಾಂಶಗಳ ಸಂಗ್ರಹ) ಎನ್‌ಎಫ್‌ಎಸ್ ಮೇಲೆಯೇ ಇರಬಹುದೇ?

ಇಟ್ಟಿಗೆಗೂಡು

ಇರಬಹುದು. ಸ್ಟೇಟ್ ಕ್ಯಾಶ್‌ನ ಫೈಲ್‌ಗಳ ಹೆಸರಿನಲ್ಲೇ ಹ್ಯಾಶ್ ಇರುತ್ತದೆ, ಒಮ್ಮೆ ಬರೆದ ಮೇಲೆ ಒಳಗಿನದು ಬದಲಾಗುವುದಿಲ್ಲ. ತಾತ್ಕಾಲಿಕ ಹೆಸರಿನಲ್ಲಿ ಬರೆದು ಪೂರ್ತಿಯಾದ ಮೇಲೆ ಅಂತಿಮ ಹೆಸರು ಕೊಡುವ ಪದ್ಧತಿಯೂ ಇದೆ. ಎನ್‌ಎಫ್‌ಎಸ್‌ಗೆ ಒಗ್ಗುವ ಬಳಕೆಯೆಂದರೆ ಇದೇ.

ಆದರೆ ಎರಡು ಎಚ್ಚರಿಕೆಗಳಿವೆ. ಹ್ಯಾಶ್ ಸಮಾನತೆಯ ಸರ್ವರ್ (ಹ್ಯಾಶ್ ಬೇರೆಯಾದರೂ ಫಲಿತಾಂಶ ಒಂದೇ ಆದ ಕೆಲಸಗಳನ್ನು ಗುರುತಿಸುವುದು) ಬಳಸುತ್ತಿದ್ದರೆ ಅದರ ಎಸ್‌ಕ್ಯುಲೈಟ್ ಡೇಟಾಬೇಸ್ ಫೈಲನ್ನು ಎನ್‌ಎಫ್‌ಎಸ್ ಮೇಲೆ ಇಟ್ಟು ಎಲ್ಲ ಯಂತ್ರಗಳಿಂದ ತೆರೆಯಬೇಡಿ. ಜಾಲದ ಫೈಲ್ ಸಿಸ್ಟಮ್ ಮೇಲೆ ಲಾಕ್‌ಗಳನ್ನು ನಂಬಲಾಗದೆಂದು ಎಸ್‌ಕ್ಯುಲೈಟ್‌ನವರೇ ಹೇಳುತ್ತಾರೆ, ಅದರ ಮುಂಬರಹ ಲಾಗ್ ವಿಧಾನಕ್ಕಂತೂ ಒಂದೇ ಯಂತ್ರದ ಹಂಚಿಕೆಯ ಮೆಮೊರಿ ಬೇಕು. ಒಂದು ಯಂತ್ರದಲ್ಲಿ ಆ ಸರ್ವರ್ ಓಡಿಸಿ, ಉಳಿದವು ಜಾಲದ ಮೂಲಕ ಅದನ್ನು ಕೇಳಲಿ. ಎರಡನೆಯದು, ಕ್ಯಾಶ್‌ಗೆ ಬರೆಯುವ ಅಧಿಕಾರ ಸಿಐ (ತಾನಾಗಿಯೇ ಬಿಲ್ಡ್ ನಡೆಸುವ) ಯಂತ್ರಗಳಿಗೆ ಮಾತ್ರ ಇರಲಿ. ಡೆವಲಪರ್‌ಗಳು ಎಚ್‌ಟಿಟಿಪಿ ಪ್ರತಿಬಿಂಬದ ಮೂಲಕ ಓದಲಿ. ಒಬ್ಬರ ಮೇಜಿನ ಮೇಲಿನ ಯಂತ್ರದಲ್ಲಿ ಕೆಟ್ಟದಾಗಿ ಹುಟ್ಟಿದ ಫಲಿತಾಂಶ ಎಲ್ಲರ ಇಮೇಜ್‌ಗೂ ಸೇರುವುದು ಹೀಗೆ ತಪ್ಪುತ್ತದೆ.

ತುಂಗಾತೀರ

ಹಳೆಯ ಸ್ಟೇಟ್ ಕ್ಯಾಶ್ ಫೈಲ್‌ಗಳನ್ನು ಅಳಿಸುವಾಗ ಹಲವರು ಕೊನೆಯ ಬಾರಿ ಓದಿದ ಸಮಯವನ್ನು ಆಧಾರವಾಗಿಟ್ಟುಕೊಳ್ಳು‌ತ್ತಾರೆ. ನಮ್ಮಲ್ಲಿಯೂ ಅದೇ ಸ್ಕ್ರಿಪ್ಟ್ ಇದೆ. ಎನ್‌ಎಫ್‌ಎಸ್ ಮೇಲೆ ಇದು ಸರಿಯಾಗಿ ಕೆಲಸ ಮಾಡುತ್ತದೆಯೇ?

ಕಡತಪಾಲಕ

ಸರ್ವರ್‌ನಲ್ಲಿ ಆ ಫೈಲ್ ಸಿಸ್ಟಮ್ ಹೇಗೆ ಮೌಂಟ್ ಆಗಿದೆ ಎಂಬುದರ ಮೇಲೆ ನಿಂತಿದೆ. ವೇಗಕ್ಕಾಗಿ ಯಾರೋ ಅಲ್ಲಿ 'ನೋಎಟೈಮ್' ಹಾಕಿದ್ದರೆ ಓದಿದ ಸಮಯ ದಾಖಲಾಗುವುದೇ ಇಲ್ಲ, ನಿಮ್ಮ ಸ್ಕ್ರಿಪ್ಟ್ ದಿನವೂ ಬಳಕೆಯಲ್ಲಿರುವ ಫೈಲ್‌ಗಳನ್ನೇ ಹಳೆಯವೆಂದು ಅಳಿಸಿಬಿಡುತ್ತದೆ. ಲಿನಕ್ಸ್‌ನಲ್ಲಿ ರೂಢಿಯಲ್ಲಿರುವ 'ರೆಲೆಟೈಮ್' ಇದ್ದರೆ 24 ಗಂಟೆಗಳಿಗೊಮ್ಮೆಯಾದರೂ ಸಮಯ ಹೊಸದಾಗುತ್ತದೆ, ವಾರಗಳ ಲೆಕ್ಕದಲ್ಲಿ ಅಳಿಸುವವರಿಗೆ ಅಷ್ಟು ನಿಖರತೆ ಸಾಕು. ಕ್ಲೈಂಟ್ ತನ್ನ ಪೇಜ್ ಕ್ಯಾಶ್‌ನಿಂದಲೇ ಓದಿಕೊಂಡದ್ದು ಸರ್ವರ್‌ಗೆ ತಿಳಿಯುವುದಿಲ್ಲ ಎಂಬುದನ್ನೂ ಗಮನದಲ್ಲಿಡಿ. ಆದ್ದರಿಂದ ಅಳಿಸುವ ಗಡುವನ್ನು ತೀರಾ ಬಿಗಿಯಾಗಿ ಇಡಬೇಡಿ, ಮತ್ತು ಆ ಸ್ಕ್ರಿಪ್ಟನ್ನು ಯಾವುದೋ ಬಿಲ್ಡ್ ಯಂತ್ರದಿಂದ ಎನ್‌ಎಫ್‌ಎಸ್ ಮೂಲಕ ಓಡಿಸುವ ಬದಲು ಸರ್ವರ್ ಮೇಲೆಯೇ ಓಡಿಸಿ; ಲಕ್ಷಾಂತರ ಫೈಲ್‌ಗಳ ಗುಣಲಕ್ಷಣಗಳನ್ನು ಜಾಲದ ಮೂಲಕ ಒಂದೊಂದಾಗಿ ಕೇಳುತ್ತ ಕೂರಬೇಕಾಗಿಲ್ಲ.